ಕೆರಿಬಿಯನ್ ಹಾದಿಯಲ್ಲಿ ಕಿಟಕಿ ಸೀಟು: ನಾನು ಆರಿಸುವ ಬಗೆ

ಕೆರಿಬಿಯನ್ ದ್ವೀಪಗಳಿಗೆ ಹಾರುವಾಗ ಯಾವ ಬದಿಯಲ್ಲಿ ಏನು ಕಂಡೀತು ಎಂಬುದನ್ನು ಮನೆಯಲ್ಲೇ ಕುಳಿತು ಹೆಚ್ಚುಕಡಿಮೆ ಸರಿಯಾಗಿ ಊಹಿಸಬಹುದು. ಕಾರಣ ಗಾಳಿ. ಶಾಲೆಯ ಭೂಗೋಳದಲ್ಲಿ ಉರು ಹೊಡೆದ ವಾಣಿಜ್ಯ ಮಾರುತಗಳು ಅಲ್ಲಿ ವರ್ಷದ ಬಹುಪಾಲು ಪೂರ್ವದಿಂದಲೇ ಬೀಸುತ್ತವೆ. ವಿಮಾನ ಇಳಿಯುವುದು ಗಾಳಿಗೆ ಎದುರಾಗಿ. ಹಾಗಾಗಿ ಪೋರ್ಟೊ ರಿಕೊದ ಸಾನ್ ಹುವಾನ್, ಬಾರ್ಬಡೋಸ್, ಸೇಂಟ್ ಲೂಸಿಯಾಗಳಲ್ಲೆಲ್ಲ ಸಾಮಾನ್ಯವಾಗಿ ಪಶ್ಚಿಮದಿಂದ ಬಂದು ಪೂರ್ವಕ್ಕೆ ಮುಖ ಮಾಡಿ ಇಳಿಯುತ್ತದೆ. ನಕ್ಷೆ ತೆರೆದು, ನೋಡಬೇಕಾದದ್ದು ರನ್‌ವೇಯ ಉತ್ತರಕ್ಕಿದ್ದರೆ ಎಡಬದಿಯ ಎ ಸೀಟು ಹಿಡಿಯುತ್ತೇನೆ. ಸಾನ್ ಹುವಾನ್‌ನಲ್ಲಿ ಎಲ್ ಮೊರೊ ಕೋಟೆ ಕಾಣುವುದು ಈ ಲೆಕ್ಕದಿಂದಲೇ.

ನನಗೆ ಅತಿ ಪ್ರಿಯವಾದದ್ದು ಮಯಾಮಿಯಿಂದ ಸೇಂಟ್ ಲೂಸಿಯಾಕ್ಕೆ ಹೋಗುವ ಹಾದಿ. ಚಿಕ್ಕಂದಿನಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆಯಲ್ಲಿ ಮಾತ್ರ ಕೇಳಿದ್ದ ಹೆಸರುಗಳು ಇಲ್ಲಿ ಒಂದೊಂದಾಗಿ ನೆಲವಾಗುತ್ತವೆ. ವಿಮಾನದ ಮೂತಿ ಆಗ್ನೇಯಕ್ಕೆ. ಚಳಿಗಾಲದಲ್ಲಿ ಬೆಳಿಗ್ಗೆ ಹತ್ತರ ನಂತರ ಸೂರ್ಯ ಬಲಗಡೆಗೆ ಸರಿಯುತ್ತಾನೆ. ಆ ಬದಿಯ ಕಡಲು ತಗಡಿನ ಹಾಗೆ ಹೊಳೆದು ಬಣ್ಣವೇ ಅಳಿಸಿಹೋಗುತ್ತದೆ. ಎಡಬದಿಯಲ್ಲಿ ನೀರಿನ ತಳದವರೆಗೂ ದೃಷ್ಟಿ ಇಳಿಯುತ್ತದೆ. ಆಂಡ್ರೋಸ್ ದ್ವೀಪ ದಾಟಿದ ಕೂಡಲೇ ಕಿಟಕಿಗೆ ಅಂಟಿಕೊಳ್ಳಬೇಕು. ತಿಳಿಹಸಿರಾಗಿದ್ದ ನೀರು ಗೆರೆ ಕೊಯ್ದಂತೆ ನಿಂತು, ಅಲ್ಲಿಂದಾಚೆ ಕಡುನೀಲಿ. ನೀರಿನಡಿಯ, ಆಳವಿಲ್ಲದ ಬಹಾಮಾ ದಿಬ್ಬ ಮುಗಿದು, ಸಾವಿರ ಮೀಟರಿಗೂ ಮಿಕ್ಕಿ ಆಳವಿರುವ ಕಂದಕ ಶುರುವಾಗುವ ಅಂಚು ಅದು. ಅದರಾಚೆ ಎಡಕ್ಕೆ ಎಕ್ಸುಮಾ ದ್ವೀಪಮಾಲೆ. ಭರತ ಇಳಿತಗಳು ಬಿಳಿ ಸುಣ್ಣಮರಳನ್ನು ಎಳೆದಾಡಿ ಬರೆದ ಸುಳಿಗಳು ಅಲ್ಲಿ ಮೈಲಿಗಟ್ಟಲೆ ಹಬ್ಬಿವೆ. ಈ ದೃಶ್ಯಕ್ಕಾಗಿ ಊಟದ ತಟ್ಟೆ ಬಿಡಬಹುದು.

ಕೊನೆಗೆ ಪಿಟಾನ್ ಶಿಖರಗಳು. ವಿಮಾನ ನಿಲ್ದಾಣ ದ್ವೀಪದ ದಕ್ಷಿಣ ತುದಿಯ ವ್ಯೂ ಫೋರ್‌ನಲ್ಲಿದೆ, ಶಿಖರಗಳು ಪಶ್ಚಿಮ ಕರಾವಳಿಯಲ್ಲಿ. ಇಳಿಯುವ ಮುನ್ನ ವಿಮಾನ ಆ ಕರಾವಳಿಯ ಬದಿಗೆ ಬರುತ್ತದೆ. ಆಗಲೂ ಎ ಸೀಟೇ ಗೆಲ್ಲುತ್ತದೆ.

ಬದಿ ಗೊತ್ತಾದರೆ ಸಾಲದು, ಸಾಲೂ ಮುಖ್ಯ. ರೆಕ್ಕೆಯ ಮುಂದಿನ ಸಾಲು ಎಲ್ಲಕ್ಕಿಂತ ಮೇಲು. ಅದು ದುಬಾರಿಯೆಂದರೆ ತೀರಾ ಹಿಂದೆ ಹೋಗುತ್ತೇನೆ. ರೆಕ್ಕೆಯ ಬೆನ್ನಿಗೇ ಕುಳಿತರೆ ಎಂಜಿನ್ನಿನ ಬಿಸಿಗಾಳಿಗೆ ದೃಶ್ಯ ನಡುಗುತ್ತದೆ, ಚಿತ್ರ ಮಸುಕಾಗುತ್ತದೆ. ಬೋಯಿಂಗ್ 737ರಲ್ಲಿ ಇನ್ನೊಂದು ಕುತಂತ್ರವಿದೆ: ರೆಕ್ಕೆಗಿಂತ ಸ್ವಲ್ಪ ಮುಂದೆ, ತಂಪುಗಾಳಿಯ ಕೊಳವೆ ಗೋಡೆಯೊಳಗೆ ಹಾದುಹೋಗುವ ಜಾಗದಲ್ಲಿ ಕಿಟಕಿಯೇ ಇರುವುದಿಲ್ಲ. ಸೀಟು ನಕ್ಷೆಯಲ್ಲಿ ಅದು ಕಿಟಕಿ ಸೀಟೆಂದೇ ನಗುತ್ತಿರುತ್ತದೆ! ಆದ್ದರಿಂದ ಆ ಸಾಲುಗಳ ಫೋಟೊ ಹುಡುಕಿ ನೋಡದೆ ಹಣ ಕಟ್ಟುವುದಿಲ್ಲ. ದ್ವೀಪದಿಂದ ದ್ವೀಪಕ್ಕೆ ಹಾರುವ ಸಣ್ಣ ವಿಮಾನಗಳಾದ ಎಟಿಆರ್, ಟ್ವಿನ್ ಆಟರ್‌ಗಳಲ್ಲಿ ರೆಕ್ಕೆ ತಲೆಯ ಮೇಲಿರುವುದರಿಂದ ಈ ಜಂಜಾಟ ಕಡಿಮೆ. ಸೇಂಟ್ ಮಾರ್ಟನ್‌ನಿಂದ ಸಾಬಾಕ್ಕೆ ಟ್ವಿನ್ ಆಟರ್‌ನಲ್ಲಿ ಹೋದರೆ, ಸುಮಾರು 400 ಮೀಟರ್ ಉದ್ದದ ರನ್‌ವೇ ಬಂಡೆಯ ತುದಿಯಲ್ಲಿ ಎದ್ದುಬರುವುದನ್ನು ಯಾವ ಸೀಟಿನಿಂದ ನೋಡಿದರೂ ಎದೆ ಡವಗುಟ್ಟುತ್ತದೆ.

ಕಪ್ಪು ಅಂಗಿ ತೊಟ್ಟರೆ ಗಾಜಿನಲ್ಲಿ ನಮ್ಮದೇ ಪ್ರತಿಬಿಂಬ ಕಾಡುವುದಿಲ್ಲ. ಕ್ಯಾಮೆರಾದ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಕಳಚಿಡಿ, ಇಲ್ಲದಿದ್ದರೆ ಕಿಟಕಿಯ ಪ್ಲಾಸ್ಟಿಕ್‌ನಲ್ಲಿ ಕಾಮನಬಿಲ್ಲಿನ ಪಟ್ಟೆಗಳು ಮೂಡುತ್ತವೆ.

ಮಧ್ಯಾಹ್ನ ಮರಳುವಾಗ ಮೂತಿ ವಾಯವ್ಯಕ್ಕೆ, ಸೂರ್ಯ ಎಡಕ್ಕೆ. ನಾನು ಬಲಬದಿಯ ಎಫ್ ಸೀಟಿಗೆ ಹೋಗುತ್ತೇನೆ. ಸೂರ್ಯಾಸ್ತ ಬೇಕೆನ್ನುವ ನನ್ನ ಹೆಂಡತಿ ಎ ಸೀಟನ್ನು ಬಿಟ್ಟುಕೊಡುವುದಿಲ್ಲ. ನಡುವೆ ಕುಳಿತ ಅಪರಿಚಿತರ ಮೂಲಕ ನಮ್ಮ ಮೊಬೈಲ್‌ಗಳು ಅತ್ತಿತ್ತ ಸಾಗುತ್ತಿರುತ್ತವೆ.