ಗೊಬ್ಬರಕ್ಕೆ ಸುಟ್ಟ ಹುಲ್ಲುಹಾಸು: ಮೊದಲು ಪೊರಕೆ, ಆಮೇಲೆ ನೀರು

ಅಡಿಕೆ ತೋಟಕ್ಕೆ ತಂದ ಯೂರಿಯಾ ಚೀಲದ ತಳದಲ್ಲಿ ನಾಲ್ಕು ಹಿಡಿ ಉಳಿದರೆ ಅದು ಮನೆಮುಂದಿನ ಲಾನಿಗೆ ಬೀಳುವುದು ಮಲೆನಾಡಿನಲ್ಲಿ ಮಾಮೂಲು. ಎರಡು ದಿನಕ್ಕೆ ಹುಲ್ಲಿನ ತುದಿ ಬೂದಿಬಣ್ಣಕ್ಕೆ ತಿರುಗುತ್ತದೆ, ವಾರದೊಳಗೆ ಅಂಗಳದಲ್ಲಿ ಒಣಹುಲ್ಲಿನ ಬಣ್ಣದ ಪಟ್ಟೆಗಳು ಏಳುತ್ತವೆ. ತಪ್ಪಿರುವುದು ಕೈಯಳತೆಯಲ್ಲಿ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, ಅಂದರೆ ಸುಮಾರು 220 ಗ್ರಾಂ ಯೂರಿಯಾ, ಎರಡು ಕಂತಿನಲ್ಲಿ. ಒಂದು ಕಂತಿನ 110 ಗ್ರಾಂ ಮರದ ಬುಡದಿಂದ ಸುತ್ತಲೂ ಒಂದು ಮೀಟರ್ ದೂರದವರೆಗಿನ ಪಾತಿಗೆ ಬಿದ್ದರೆ ಚದರ ಮೀಟರಿಗೆ 35 ಗ್ರಾಂ ಆಯಿತು. ಹುಲ್ಲಿಗೆ ಸಾಕಾಗುವುದು 5 ಗ್ರಾಂ, ಹೆಚ್ಚೆಂದರೆ 10. ತೋಟದಲ್ಲಿ ಪಳಗಿದ ಕೈ ಲಾನಿನಲ್ಲೂ ಅದೇ ಹಿಡಿ ಹಿಡಿಯುತ್ತದೆ.

ಸುಡುವುದು ಶಾಖದಿಂದಲ್ಲ, ಉಪ್ಪಿನಿಂದ. ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ಹೇಗೆ ನೀರು ಬಿಟ್ಟುಕೊಂಡು ಮುರುಟುತ್ತದೋ ಹಾಗೆಯೇ, ಮಣ್ಣಿನ ನೀರಿನಲ್ಲಿ ಗೊಬ್ಬರದ ಲವಣ ಹೆಚ್ಚಾದಾಗ ಬೇರು ನೀರು ಎಳೆದುಕೊಳ್ಳಲಾರದು, ತನ್ನೊಳಗಿನದನ್ನೇ ಕಳೆದುಕೊಳ್ಳುತ್ತದೆ. ಮಣ್ಣು ಒದ್ದೆ ಇದ್ದರೂ ಹುಲ್ಲು ಬಾಯಾರಿ ಸಾಯುವುದು ಇದಕ್ಕೇ. ಪೊಟ್ಯಾಷ್ ಈ ವಿಷಯದಲ್ಲಿ ಯೂರಿಯಾಕ್ಕಿಂತ ಖಾರ, ಸೂಪರ್ ಫಾಸ್ಫೇಟ್ ಬಹಳ ಸೌಮ್ಯ. ಹಸಿ ಕೋಳಿಗೊಬ್ಬರ, ನೀರು ಬೆರೆಸದ ಗಂಜಲವೂ ಸುಡುತ್ತವೆ. ಸಾವಯವ ಎಂದಮಾತ್ರಕ್ಕೆ ಧೈರ್ಯ ಬೇಡ.

ಮದ್ದಿಗೆ ಮೊದಲು ಕಾಯಿಲೆ ಇದೇ ಹೌದೋ ನೋಡಿಕೊಳ್ಳಿ. ನಡೆದ ದಾರಿಗುಂಟ ಪಟ್ಟೆ ಇದ್ದರೆ ಅಲ್ಲಿ ಎರಡು ಸಲ ಎರಚಿದ್ದೀರಿ. ಅಂಗೈ ಅಗಲದ ಕರಕಲು ಇದ್ದರೆ ಗೊಬ್ಬರ ಅಲ್ಲಿ ಗುಪ್ಪೆಯಾಗಿ ಬಿದ್ದಿದೆ. ಇಳಿಜಾರಿನ ಅಂಗಳದಲ್ಲಿ ಕೆಳಗಿನ ಅಂಚು ಮಾತ್ರ ಸುಟ್ಟಿದ್ದರೆ ಮಳೆನೀರು ಗೊಬ್ಬರದ ಕಾಳನ್ನು ಅಲ್ಲಿಗೆ ತಂದು ಸೇರಿಸಿದೆ. ನಡುವೆ ಸುಟ್ಟು ಸುತ್ತ ಕಡುಹಸಿರು ಉಂಗುರ ಇದ್ದರೆ ಅದು ಹೆಚ್ಚಾಗಿ ನಾಯಿಯ ಉಚ್ಚೆ. ಅದಕ್ಕೂ ಮದ್ದು ನೀರೇ. ಹುಲ್ಲನ್ನು ಹಿಡಿದು ಮೇಲಕ್ಕೆ ಜಗ್ಗಿ ನೋಡಿ. ಚಾಪೆಯಂತೆ ಸಲೀಸಾಗಿ ಎದ್ದುಬಂದರೆ ಗೊಬ್ಬರದ ದೋಷವಲ್ಲ, ಕೆಳಗೆ ಗೊಣ್ಣೆಹುಳು ಬೇರು ತಿಂದಿದೆ. ಗೊಬ್ಬರಕ್ಕೆ ಸುಟ್ಟ ಹುಲ್ಲು ನೆಲವನ್ನು ಬಿಗಿಯಾಗಿ ಹಿಡಿದೇ ಇರುತ್ತದೆ.

ಕಾಳು ಇನ್ನೂ ಕಣ್ಣಿಗೆ ಕಾಣುತ್ತಿದ್ದರೆ ಪೈಪು ಮುಟ್ಟಬೇಡಿ. ಇದೊಂದು ಕಡೆ ಹೆಚ್ಚಿನವರು ಎಡವುತ್ತಾರೆ. ಗುಪ್ಪೆಯ ಮೇಲೆ ನೀರು ಬಿಟ್ಟರೆ ಅಷ್ಟೂ ಗೊಬ್ಬರ ಕರಗಿ ಅದೇ ಜಾಗದ ಬೇರಿಗೆ ಇಳಿಯುತ್ತದೆ. ಒಣಗಿರುವಾಗಲೇ ಮೆತ್ತನೆ ಪೊರಕೆಯಿಂದ ಗುಡಿಸಿ ಮೊರಕ್ಕೋ ತಗಡಿಗೋ ತುಂಬಿಕೊಳ್ಳಿ. ಕಾಂಪ್ಲೆಕ್ಸ್ ಗೊಬ್ಬರದ ಕಾಳು ಕರಗಲು ನಿಧಾನ, ಎರಡು ಮೂರು ದಿನ ಬಿಟ್ಟೂ ಆರಿಸಬಹುದು. ಯೂರಿಯಾ ಹಾಗಲ್ಲ, ಒಂದು ರಾತ್ರಿಯ ಇಬ್ಬನಿ ಸಾಕು. ಬೆಳಗ್ಗೆ ಬಗ್ಗಿ ನೋಡಿದರೆ ಎಲೆ ಕಾಂಡವನ್ನು ಸೇರುವ ಸಂದಿಯಲ್ಲಿ ಕಾಳು ಅರ್ಧ ಕರಗಿ ಹನಿಯಾಗಿ ಕೂತಿರುತ್ತದೆ. ಬಿಸಿಲೇರಿ ಆ ಹನಿ ಗಟ್ಟಿಯಾದಾಗ ಎಲೆ ಅಲ್ಲಿಂದಲೇ ಸುಡಲು ಶುರು. ಕರಗಿ ಹೋಗಿದ್ದರೆ ಗುಡಿಸುವ ಮಾತಿಲ್ಲ, ನೇರ ನೀರಿಗೆ ಹೋಗಿ.

ನೀರಿಗೂ ಲೆಕ್ಕವಿದೆ. ಚದರ ಮೀಟರಿಗೆ 25 ಲೀಟರ್, ಅಂದರೆ ಒಂದಿಂಚು ಮಳೆ ಬಿದ್ದ ಹಾಗೆ. 10 ಅಡಿಗೆ 10 ಅಡಿ ಲಾನಿಗೆ ಸುಮಾರು 230 ಲೀಟರ್. 20 ಲೀಟರಿನ ಬಕೆಟ್ಟು ನಿಮ್ಮ ಪೈಪಿಗೆ ಎಷ್ಟು ಹೊತ್ತಿಗೆ ತುಂಬುತ್ತದೆ ನೋಡಿ. ಒಂದು ನಿಮಿಷವಾದರೆ ಅಂಥ ಲಾನಿಗೆ 11ರಿಂದ 12 ನಿಮಿಷ. ಒಂದೇ ಸಲ ಬಿಡಬೇಡಿ. ಅರ್ಧ ಬಿಟ್ಟು, ಅರ್ಧ ಗಂಟೆ ಇಂಗಲು ಕೊಟ್ಟು, ಉಳಿದದ್ದು ಬಿಡಿ. ಜಂಬಿಟ್ಟಿಗೆಯ ನೆಲ ಬೇಗ ಕುಡಿಯುತ್ತದೆ. ಮನೆ ಕಟ್ಟುವಾಗ ಹೊರಗಿನ ಮಣ್ಣು ತುಂಬಿ ದಮ್ಮಸ್ಸು ಹೊಡೆದ ಅಂಗಳವಾದರೆ ನೀರು ನಿಲ್ಲುತ್ತದೆ, ಅಲ್ಲಿ ಮೂರು ನಾಲ್ಕು ಕಂತು ಮಾಡಿ. ಹೀಗೆ ದಿನಕ್ಕೊಮ್ಮೆ, ಬೆಳಗ್ಗೆ, ನಾಲ್ಕು ದಿನ. ಸಂಜೆ ನೀರು ಬಿಟ್ಟು ರಾತ್ರಿಯಿಡೀ ಹುಲ್ಲು ಒದ್ದೆಯಾಗಿದ್ದರೆ ನಮ್ಮ ಹವೆಗೆ ಶಿಲೀಂಧ್ರ ಹಿಡಿಯುವುದು ಖಂಡಿತ.

ಯೂರಿಯಾ ಆದರೆ ಮೊದಲ ಎರಡು ದಿನವೇ ಮುಖ್ಯ. ಯೂರಿಯಾ ಯೂರಿಯಾ ಆಗಿಯೇ ಇರುವವರೆಗೆ ನೀರಿನ ಜೊತೆ ಸುಲಭವಾಗಿ ಕೆಳಗಿಳಿಯುತ್ತದೆ. ಬೆಚ್ಚಗಿನ ಮಣ್ಣಿನಲ್ಲಿ ಕೆಲವೇ ದಿನಕ್ಕೆ ಅಮೋನಿಯಂ ಆಗಿ ಜೇಡಿಗೆ ಅಂಟಿಕೊಂಡ ಮೇಲೆ ಅದನ್ನು ತೊಳೆಯುವುದು ಕಷ್ಟ. ಹುಳಿಮಣ್ಣು ಸರಿಮಾಡಲೆಂದು ಈ ಹೊತ್ತಿನಲ್ಲಿ ಸುಣ್ಣ ಹಾಕಬೇಡಿ. ಸುಣ್ಣಕ್ಕೆ ಅಮೋನಿಯಾ ಅನಿಲವಾಗಿ ಏಳುತ್ತದೆ, ಉಳಿದ ಹುಲ್ಲೂ ಹೋಗುತ್ತದೆ. ಬಾವಿ ಲಾನಿನ ಕೆಳಬದಿಗಿದ್ದರೆ ತೊಳೆದ ಗೊಬ್ಬರ ಅತ್ತಲೇ ಇಳಿಯುತ್ತದೆ ಎಂಬುದು ನೆನಪಿರಲಿ. ಮಗು ಇರುವ ಮನೆಯಲ್ಲಿ ಕುಡಿಯುವ ನೀರಿಗೆ ನೈಟ್ರೇಟ್ ಸೇರುವುದು ಸಣ್ಣ ಮಾತಲ್ಲ. ಅಂಥಲ್ಲಿ ಗುಡಿಸಿ ತೆಗೆಯುವ ಕೆಲಸಕ್ಕೇ ಹೆಚ್ಚು ಹೊತ್ತು ಕೊಡಿ.

ಹತ್ತು ದಿನ ಕಳೆದ ಮೇಲೆ ಒಂದು ಹಂಬು ಕಿತ್ತು ಗಿಣ್ಣಿನ ಹತ್ತಿರ ಉಗುರಿನಿಂದ ಕೆರೆಯಿರಿ. ಒಳಗೆ ಹಸಿರೋ ಕೆನೆಬಿಳುಪೋ ಇದ್ದು ಉಗುರಿಗೆ ತೇವ ಹತ್ತಿದರೆ ಜೀವ ಇದೆ. ಕಂದಾಗಿ ಲಟಕ್ಕೆಂದು ಮುರಿದರೆ ಇಲ್ಲ. ಗರಿಕೆ ಜಾತಿಯ ಹುಲ್ಲು ಅಂಚಿನಿಂದ ಹಬ್ಬಿ ಒಂದೂವರೆ ತಿಂಗಳಲ್ಲಿ ಅಂಗೈ ಅಗಲವನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮೆಕ್ಸಿಕನ್ ಹುಲ್ಲು ನಿಧಾನಿ, ಅದಕ್ಕೆ ಕಾಯುವ ಬದಲು ತೇಪೆ ಹಾಕುವುದೇ ವಾಸಿ.

ತೇಪೆಗೆ ಸತ್ತ ಜಾಗದ ಮಣ್ಣನ್ನು ಎರಡಿಂಚು ಆಳ ಕೆರೆದು ತೆಗೆಯಿರಿ. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ನೆಡುವ ಮುನ್ನ ಅಲ್ಲಿ ಒಂದು ಚಿಟಿಕೆ ರಾಗಿ ಉದುರಿಸಿ ನೋಡಿ. ನಾಲ್ಕೈದು ದಿನದಲ್ಲಿ ಮೊಳೆತು ಬೇರು ಬೆಳ್ಳಗಿದ್ದರೆ ಲವಣ ತಗ್ಗಿದೆ. ಮೊಳಕೆಯ ತುದಿ ಕಂದಾದರೆ ಇನ್ನೆರಡು ದಿನ ನೀರು ಹಾಯಿಸಿ. ಆಮೇಲೆ ಎರಡು ಮೂರು ಗಿಣ್ಣಿರುವ ಹಂಬಿನ ತುಂಡುಗಳನ್ನು ಮೂರಿಂಚು ಅಂತರದಲ್ಲಿ, ಒಂದು ಗಿಣ್ಣಾದರೂ ಮಣ್ಣಿನೊಳಗೆ ಇರುವಂತೆ ನೆಟ್ಟು ಅಂಗೈಯಿಂದ ಅದುಮಿ. ಜೂನ್‌ನಲ್ಲಿ ನೆಟ್ಟರೆ ನೀರಿನ ಕೆಲಸ ಮಳೆಯದ್ದು. ಮಾರ್ಚ್, ಏಪ್ರಿಲ್‌ನಲ್ಲಾದರೆ ದಿನಕ್ಕೆರಡು ಸಲ ನೀರು ನಿಮ್ಮದು. ಹೊಸ ಚಿಗುರು ಎರಡಿಂಚು ಬರುವವರೆಗೆ ಕತ್ತರಿಸಬೇಡಿ. ಲಾನಿನ ಉಳಿದ ಭಾಗಕ್ಕೂ ಎರಡು ತಿಂಗಳು ಗೊಬ್ಬರ ಬೇಡ. ಹಳದಿ ಕಂಡು ಕನಿಕರಪಟ್ಟು ಮತ್ತೊಂದು ಹಿಡಿ ಹಾಕಿದರೆ ಉಳಿದದ್ದೂ ಹೋಗುತ್ತದೆ.

ಮುಂದಿನ ಸಲಕ್ಕೆ ಕೈಯನ್ನು ನಂಬದೆ ಅಡುಗೆಮನೆಯ ತಕ್ಕಡಿ ನಂಬಿ. 10 ಅಡಿಗೆ 10 ಅಡಿ ಜಾಗಕ್ಕೆ 50 ಗ್ರಾಂ ಯೂರಿಯಾ, ಒಂದು ಕಿಲೋ ಒಣ ಮರಳಿನಲ್ಲಿ ಬೆರೆಸಿ. ಅರ್ಧವನ್ನು ಉದ್ದಕ್ಕೆ, ಅರ್ಧವನ್ನು ಅಡ್ಡಕ್ಕೆ ನಡೆಯುತ್ತ ಎರಚಿ. ಮರಳು ಬೆಳ್ಳಗೆ ಕಾಣುವುದರಿಂದ ಎಲ್ಲಿ ಬಿದ್ದಿದೆ ಎಂಬುದೂ ತಿಳಿಯುತ್ತದೆ. ಚೀಲ ಬಿಚ್ಚುವುದು, ಬೆರೆಸುವುದು ಸಿಮೆಂಟಿನ ಕಟ್ಟೆಯ ಮೇಲಿರಲಿ, ಹುಲ್ಲಿನ ಮೇಲೆ ಬೇಡ. ಇಬ್ಬನಿ ಪೂರ್ತಿ ಆರಿದ ಮೇಲೆ ಎರಚಿ, ಕೂಡಲೇ ಚದರ ಮೀಟರಿಗೆ 10 ಲೀಟರ್ ನೀರು ಕೊಟ್ಟು ಎಲೆ ತೊಳೆಯಿರಿ. ಮಳೆಗಾಲ ಹಿಡಿಯುವ ಹೊತ್ತು ಒಂದು ಸಲ, ಮಳೆ ತಗ್ಗಿದ ಸೆಪ್ಟೆಂಬರ್ ಕೊನೆಗೆ ಇನ್ನೊಂದು ಸಲ. ಜುಲೈ ಜಡಿಮಳೆಯಲ್ಲಿ ಹಾಕಿದ್ದು ಚರಂಡಿಗೆ ಹೋಗುತ್ತದೆ. ಕಡುಬೇಸಿಗೆಯಲ್ಲಿ ಹಾಕಲೇಬೇಕೆಂದರೆ ಅಷ್ಟೇ ಜಾಗಕ್ಕೆ 25 ಗ್ರಾಂಗಿಂತ ಮೇಲೆ ಹೋಗಬೇಡಿ, ಅದೂ ಹಿಂದಿನ ದಿನ ನೆಲ ನೆನೆಸಿಟ್ಟು.