ಚಂದ್ರನ ಫೋಟೊ: ನೂರು ತೆಗೆಯಿರಿ, ಇಪ್ಪತ್ತು ಉಳಿಸಿಕೊಳ್ಳಿ

ಚಂದ್ರನ ಫೋಟೊಗೆ ಹುಣ್ಣಿಮೆಯೇ ಆಗಬೇಕೆಂದು ಕಾಯಬೇಡಿ. ಶುಕ್ಲಪಕ್ಷದ ಅಷ್ಟಮಿಗೆ ಕ್ಯಾಮೆರಾ ಹೊರಗೆ ತನ್ನಿ. ಹುಣ್ಣಿಮೆಯಲ್ಲಿ ಬಿಸಿಲು ನಮ್ಮ ಬೆನ್ನ ಕಡೆಯಿಂದ ನೇರವಾಗಿ ಬೀಳುವುದರಿಂದ ನೆರಳೇ ಇರುವುದಿಲ್ಲ, ಕುಳಿಗಳೆಲ್ಲ ಚಪ್ಪಟೆ. ಅಷ್ಟಮಿಯಲ್ಲಾದರೆ ಬೆಳಕು, ಕತ್ತಲು ಕೂಡುವ ಗೆರೆಯ ಬಳಿ ಟಾಲೆಮೇಯಸ್, ಅಲ್ಫಾನ್ಸಸ್, ಅರ್ಜಾಖೆಲ್ ಎಂಬ ಮೂರು ಕುಳಿಗಳು ಸಾಲಾಗಿ, ಅಂಚಿನ ನೆರಳು ತುಂಬಿಕೊಂಡು ಕಾಣುತ್ತವೆ. (ಹುಣ್ಣಿಮೆ ಒಳ್ಳೆಯದು ಬಣ್ಣಕ್ಕೆ. ಸ್ಟ್ಯಾಕ್ ಮಾಡಿದ ಮೇಲೆ, ಅಂದರೆ ಹಲವು ಫೋಟೊಗಳನ್ನು ಒಂದಾಗಿ ಬೆರೆಸಿದ ಮೇಲೆ, ಸ್ಯಾಚುರೇಶನ್ ಅಂದರೆ ಬಣ್ಣದ ಗಾಢತೆ ಏರಿಸಿದರೆ ಟೈಟಾನಿಯಂ ಹೆಚ್ಚಿರುವ ‘ಪ್ರಶಾಂತಿಯ ಸಮುದ್ರ’ ಎಂಬ ಚಂದ್ರನ ಕಪ್ಪು ಬಯಲು ನೀಲಿಗೆ ತಿರುಗುತ್ತದೆ.)

ನನ್ನದು 300 ಮಿ.ಮೀ. ಜೂಮ್. ಅದರಲ್ಲಿ ಚಂದ್ರನ ಬಿಂಬ ಸೆನ್ಸರ್ ಮೇಲೆ ಹೆಚ್ಚುಕಡಿಮೆ 2.7 ಮಿ.ಮೀ. ಅಷ್ಟೇ, ಫೋಕಲ್ ಲೆಂತನ್ನು 110ರಿಂದ ಭಾಗಿಸಿದರೆ ನಿಮ್ಮ ಲೆನ್ಸಿನ ಲೆಕ್ಕವೂ ಸಿಗುತ್ತದೆ. ಚಿಕ್ಕದಾಯಿತೆಂದು ಬೇಸರ ಬೇಡ, ಇಷ್ಟರಲ್ಲೇ ಬೇಕಾದಷ್ಟಿದೆ.

ಟ್ರೈಪಾಡ್ ಕಡ್ಡಾಯ, ಅದರ ಮೇಲೆ ಕೂರಿಸಿದಾಗ ಸ್ಟೆಬಿಲೈಸೇಶನ್ (ಕೈನಡುಕ ತಡೆಯುವ ವ್ಯವಸ್ಥೆ) ಆಫ್. ರಾ ಫಾರ್ಮ್ಯಾಟ್, ಎಫ್/8, ಐಎಸ್ಒ 200, ಶಟರ್ 1/125ರಿಂದ ಶುರುಮಾಡಿ. ಹಿಸ್ಟೋಗ್ರಾಮ್ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲತುದಿಗೆ ತಾಗದಂತೆ ನೋಡಿಕೊಳ್ಳಿ.

ಫೋಕಸ್ಸಿಗೆ ಮಾತ್ರ ಆತುರ ಸಲ್ಲದು. ಆಟೋಫೋಕಸ್ ತೆಗೆದು, ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಬೆಳಕು, ಕತ್ತಲು ಕೂಡುವ ಗೆರೆಯ ಬಳಿಯ ಒಂದು ಕುಳಿಯ ಅಂಚನ್ನೇ ನೋಡುತ್ತ ರಿಂಗನ್ನು ಕೂದಲೆಳೆಯಷ್ಟು ತಿರುಗಿಸಿ. ಹರಿಯುವ ನೀರಿನಡಿಯ ಕಲ್ಲಿನಂತೆ ಅಂಚು ನಡುಗುತ್ತಿರುತ್ತದೆ. ಅದು ನಿಮ್ಮ ಕೈಯ ದೋಷವಲ್ಲ, ಗಾಳಿಯದು. ನಡುನಡುವೆ ಕ್ಷಣಮಾತ್ರ ನಡುಕ ನಿಂತು ಕುಳಿಯ ನೆರಳು ಕತ್ತರಿಸಿದಂತೆ ಚೂಪಾಗುತ್ತದೆ. ಸ್ಟ್ಯಾಕಿಂಗ್ ಎಂದರೆ ಆ ಕ್ಷಣಗಳನ್ನು ಹೆಕ್ಕುವುದು; ಸಿಕ್ಕ ಫ್ರೇಮುಗಳನ್ನೆಲ್ಲ ಒಟ್ಟಿಗೆ ಗುಡ್ಡೆಹಾಕುವುದಲ್ಲ. ಯಾವಾಗ ಬರುತ್ತವೆಂದು ಗೊತ್ತಿಲ್ಲದ್ದರಿಂದಲೇ ನೂರಾರು ಫ್ರೇಮು ಬೇಕು.

ಎಲೆಕ್ಟ್ರಾನಿಕ್ ಶಟರ್ ಇದ್ದರೆ ಅದೇ ಇರಲಿ, ಕ್ಯಾಮೆರಾ ಅಲುಗುವುದಿಲ್ಲ. ಚಂದ್ರ ಸುಮಾರು ಎರಡು ನಿಮಿಷಕ್ಕೆ ತನ್ನ ಅಗಲದಷ್ಟು ಸರಿಯುತ್ತಾನೆ, ಆಗಾಗ ನಡುವಿಗೆ ತಂದುಕೊಳ್ಳಿ. ಹಗಲಿಡೀ ಕಾದ ತಾರಸಿಯ ಮೇಲಿಂದ ಹಾಯುವ ನೋಟ ಬೇಡ, ಕಾವು ಏಳುತ್ತಿರುತ್ತದೆ. ಅಷ್ಟಮಿಯ ಚಂದ್ರ ಸೂರ್ಯಾಸ್ತದ ಹೊತ್ತಿಗೇ ಆ ದಿನದ ತನ್ನ ಅತಿ ಎತ್ತರದ ಆಸುಪಾಸಿನಲ್ಲಿರುತ್ತಾನೆ. ಅವನು ಇಳಿದಷ್ಟೂ ನಡುವೆ ಗಾಳಿ ಹೆಚ್ಚು.

ಕಂಪ್ಯೂಟರಿನಲ್ಲಿ ಮೊದಲು ಪಿಪ್ (PIPP) ಎಂಬ ತಂತ್ರಾಂಶ: ಚಂದ್ರನನ್ನು ಪ್ರತಿ ಫ್ರೇಮಿನಲ್ಲೂ ನಡುವಿಗೆ ತಂದು ಕತ್ತರಿಸಿಕೊಡುತ್ತದೆ. ಆಮೇಲೆ ಸ್ಟ್ಯಾಕ್ ಮಾಡುವ ತಂತ್ರಾಂಶ ಆಟೋಸ್ಟಾಕರ್ಟ್ (AutoStakkert). ಅದು ಫ್ರೇಮುಗಳನ್ನು ಗುಣಮಟ್ಟದ ಪ್ರಕಾರ ಸಾಲುಮಾಡುತ್ತದೆ. ನಾನು ಮೇಲಿನ ಶೇ. 20ರಷ್ಟನ್ನೇ ಇಟ್ಟುಕೊಳ್ಳುತ್ತೇನೆ. 25 ಫ್ರೇಮು ಸೇರಿದರೆ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳುಕಾಳು) ಐದನೇ ಒಂದು ಭಾಗಕ್ಕೆ ಇಳಿಯುತ್ತದೆ, 100 ಸೇರಿದರೆ ಹತ್ತನೇ ಒಂದಕ್ಕೆ. ಆದರೆ ಸಂಖ್ಯೆಯ ಆಸೆಗೆ ಕೆಟ್ಟ ಫ್ರೇಮು ಸೇರಿಸಿದರೆ ವಿವರವೇ ಕರಗುತ್ತದೆ.

ಹೊರಬರುವ ಚಿತ್ರ ಮಂಕಾಗಿ, ಮೆತ್ತಗೆ ಕಾಣುತ್ತದೆ. ಗಾಬರಿಯಾಗಬೇಡಿ, ವಿವರ ಅದರೊಳಗೇ ಇದೆ. ರೆಜಿಸ್ಟಾಕ್ಸ್ (RegiStax) ಎಂಬ ತಂತ್ರಾಂಶದಲ್ಲಿ ಚಿತ್ರವನ್ನು ಚೂಪುಗೊಳಿಸುವ ವೇವ್ಲೆಟ್ ಸ್ಲೈಡರುಗಳನ್ನು ಒಂದೊಂದಾಗಿ, ನಿಧಾನವಾಗಿ ಏರಿಸಿ. ಚಂದ್ರನ ಹೊರ ಅಂಚಿನ ಗುಂಟ ತೆಳ್ಳನೆ ಬಿಳಿ ಗೆರೆ ಮೂಡಿತೋ, ಅತಿಯಾಯಿತೆಂದೇ ಅರ್ಥ. ಆ ಗೆರೆ ಮಾಯವಾಗುವವರೆಗೆ ಸ್ಲೈಡರನ್ನು ಹಿಂದಕ್ಕೆ ತಂದು ಚಿತ್ರವನ್ನು 16 ಬಿಟ್ ಟಿಫ್ ಆಗಿ ಉಳಿಸಿ.