ಮಕ್ಕಳನ್ನು ಬೇಸಿಗೆ ಶಿಬಿರಕ್ಕೆ ಕಳಿಸುವ ಮುನ್ನ: ಮಲೆನಾಡಿಗೆ ಹೊಸದಾಗಿ ಬಂದವರಿಗೆ

ವರ್ಗವಾಗಿಯೋ ಹೊಸ ಕೆಲಸ ಸಿಕ್ಕಿಯೋ ಶಿವಮೊಗ್ಗಕ್ಕೆ ಬಂದವರು ಮಾರ್ಚ್ ಬಂತೆಂದರೆ ನಮ್ಮ ಸಂಘದಲ್ಲಿ ಕೇಳುವುದು ಒಂದೇ ಮಾತು: ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕಳಿಸೋಣ? ಏಪ್ರಿಲ್ ಎರಡನೇ ವಾರದ ಹೊತ್ತಿಗೆ ರಜೆ ಶುರು, ಮೇ ಕೊನೆಯವರೆಗೂ ಇರುತ್ತದೆ. ಚಿತ್ರಕಲೆ, ನಾಟಕದ ಶಿಬಿರಗಳು ಊರೊಳಗೇ ಸಿಗುತ್ತವೆ. ಅವೂ ಒಳ್ಳೆಯವೇ. ಆದರೆ ಮಲೆನಾಡಿಗೆ ಬಂದ ಮೇಲೆ ಮಕ್ಕಳು ಒಂದು ಬೇಸಿಗೆಯಾದರೂ ಗುಡ್ಡ ಹತ್ತಬೇಕು, ಲಗೋರಿ, ಚಿನ್ನಿದಾಂಡು ಆಡಿ ದಣಿಯಬೇಕು, ಕವಳಿ ಹಣ್ಣನ್ನು ಗಿಡದಿಂದ ಕಿತ್ತು ತಿನ್ನಬೇಕು. ಅಂಥ ಶಿಬಿರ ಆರಿಸುವುದು ಹೇಗೆ ಅನ್ನುವುದಷ್ಟೇ ಇಲ್ಲಿದೆ.

ಮೊದಲು ಮಗುವಿನ ವಯಸ್ಸು ನೋಡಿ. ಚಿಕ್ಕವರಿಗೆ ತೀರ್ಥಹಳ್ಳಿ ಕಡೆಯ ಕವಲೇದುರ್ಗ ಚೆನ್ನ. ಕೆಳದಿ ಅರಸರ ಕೋಟೆ, ಕಲ್ಲು ಹಾಸಿದ ದಾರಿ, ನಿಧಾನಕ್ಕೆ ಹತ್ತಬಹುದು. 1343 ಮೀಟರ್ ಎತ್ತರದ ಕೊಡಚಾದ್ರಿ ದೊಡ್ಡ ಮಕ್ಕಳಿಗೇ ಸರಿ. ಅದು ಅಭಯಾರಣ್ಯದೊಳಗಿನ ಬೆಟ್ಟ, ಹಾಗಾಗಿ ಅರಣ್ಯ ಇಲಾಖೆಯ ಅನುಮತಿ ತೆಗೆದುಕೊಂಡಿದ್ದೀರಾ ಎಂದು ಶಿಬಿರದವರನ್ನು ಕೇಳಿ. ನೀರಿನ ಆಸೆ ಇರುವ ಮಕ್ಕಳಿಗೆ ಸಾಗರದ ಹತ್ತಿರ ಹೊನ್ನೇಮರಡು ಇದೆ. ಶರಾವತಿ ಹಿನ್ನೀರಿನಲ್ಲಿ ದೋಣಿ ಹುಟ್ಟು ಹಾಕುವುದನ್ನು ಕಲಿಯಬಹುದು. ಈಜು ಬಂದರೂ ಲೈಫ್ ಜಾಕೆಟ್ ಹಾಕಲೇಬೇಕು. ತುಂಗೆ ಬೇಸಿಗೆಯಲ್ಲಿ ಸುಮ್ನೆ ಹರಿಯುವ ಹಾಗೆ ಕಾಣುತ್ತದೆ, ಆದರೆ ಬಂಡೆಗಳ ನಡುವೆ ಆಳದ ಗುಂಡಿಗಳಿರುತ್ತವೆ. ಆ ಜಾಗ ಬಲ್ಲ ಊರಿನವರೊಬ್ಬರು ಜೊತೆಯಲ್ಲಿಲ್ಲದ ಶಿಬಿರಕ್ಕೆ ದಯವಿಟ್ಟು ಕಳಿಸಬೇಡಿ.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಕಳೆದ ಮೇಲೆ ಗುಡುಗು ಮಳೆ ಜಾಸ್ತಿ. ಒಳ್ಳೆಯ ಶಿಬಿರದವರು ಬೆಳಕು ಹರಿಯುತ್ತಲೇ ಹೊರಟು, ಊಟದ ಹೊತ್ತಿಗೆ ಗುಡ್ಡ ಇಳಿಸಿರುತ್ತಾರೆ. ಸಿಡಿಲಿನ ಹೊತ್ತಲ್ಲಿ ಮಕ್ಕಳನ್ನು ಮರದಡಿ ನಿಲ್ಲಿಸುವುದಿಲ್ಲ.

ಇನ್ನು ಮಂಗನ ಕಾಯಿಲೆ. ಹೊರಗಿನಿಂದ ಬಂದವರಿಗೆ ಇದು ಗೊತ್ತಿರುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಉಣುಗು, ಅಂದರೆ ರಕ್ತ ಹೀರುವ ಸಣ್ಣ ಉಣ್ಣೆ ಹುಳ ಕಚ್ಚಿದರೆ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಕಾಟ ಹೆಚ್ಚು, ಅಂದರೆ ಶಿಬಿರದ ಕಾಲವೂ ಅದೇ. ಹಾಗಂತ ಕಾಡಿಗೇ ಕಳಿಸಬಾರದು ಅಂತಲ್ಲ. ಆ ವರ್ಷ ಆ ಊರಲ್ಲಿ ಮಂಗ ಸತ್ತಿದೆಯಾ, ಯಾರಿಗಾದರೂ ಕಾಯಿಲೆ ಬಂದಿದೆಯಾ ಎಂದು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಎರಡರಲ್ಲಿ ಒಂದು ಆಗಿದ್ದರೂ ಆ ಜಾಗ ಬಿಡಿ. ಉಳಿದ ಕಡೆಯೂ ಜಾಗ್ರತೆ ಬೇಕು. ಮಕ್ಕಳು ತರಗೆಲೆಯ ಮೇಲೆ ಕೂರಬಾರದು, ಮಲಗಬಾರದು. ಉದ್ದ ತೋಳಿನ ಅಂಗಿ ಹಾಕಬೇಕು, ಪ್ಯಾಂಟಿನ ತುದಿ ಕಾಲುಚೀಲದೊಳಗೆ ಹೋಗಬೇಕು. ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆಯ ಬಗ್ಗೆ, ಅದು ಯಾವ ವಯಸ್ಸಿನವರಿಗೆ ಸರಿ ಎಂದು ಆರೋಗ್ಯ ಕೇಂದ್ರದಲ್ಲೇ ಕೇಳಿ. ಕಾಡಿನಿಂದ ಬಂದ ಕೂಡಲೇ ಬಿಸಿನೀರು, ಸೋಪಿನಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮರಿ ಉಣುಗು ಎಳ್ಳುಕಾಳಿಗಿಂತ ಚಿಕ್ಕದು. ಕಿವಿಯ ಹಿಂದೆ, ಕಂಕುಳು, ಚಡ್ಡಿಯ ಎಲಾಸ್ಟಿಕ್ ಕೂರುವ ಜಾಗ, ಮಂಡಿಯ ಹಿಂಬದಿ, ಕೂದಲ ಬುಡ ಎಲ್ಲವನ್ನೂ ಬೆಳಕಿನಲ್ಲಿ ನೋಡಬೇಕು. ದಿನಾ ಸಂಜೆ ಇದನ್ನು ಯಾರು ನೋಡುತ್ತಾರೆ, ಹೆಣ್ಣುಮಕ್ಕಳಿಗೆ ಮಹಿಳೆಯರಿದ್ದಾರಾ ಎಂದು ಹಣ ಕಟ್ಟುವ ಮೊದಲೇ ಕೇಳಿ. ಉತ್ತರ ತಡವರಿಸಿದರೆ ಬೇರೆ ಶಿಬಿರ ನೋಡುವುದೇ ವಾಸಿ.

ಚೀಲಕ್ಕೆ ಟಾರ್ಚು, ಕೊಡೆ, ಎರಡು ಜೊತೆ ಜಾಸ್ತಿ ಬಟ್ಟೆ ಸಾಕು. ಮೊಬೈಲ್ ಬೇಡ, ಹಲವು ಕಡೆ ನೆಟ್‌ವರ್ಕ್ ಸಿಗುವುದೂ ಇಲ್ಲ. ಶಿಬಿರದ ಮನೆಯ ಲ್ಯಾಂಡ್‌ಲೈನ್ ನಂಬರ್ ಬರೆದಿಟ್ಟುಕೊಳ್ಳಿ.

ಮಗು ಮನೆಗೆ ಬಂದ ಮೇಲೆ ಹತ್ತು ದಿನ ಗಮನವಿರಲಿ. ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ನೇರ ಆಸ್ಪತ್ರೆಗೆ ಹೋಗಿ, ಯಾವ ಊರಿನ ಕಾಡಿಗೆ ಯಾವಾಗ ಹೋಗಿತ್ತು ಎಂದು ಡಾಕ್ಟರಿಗೆ ಮೊದಲೇ ಹೇಳಿ.